ಟೆಸ್ಟ್ ಡ್ರೈವ್ ಕಾರಿಗೆ ಒಡೆದ ಬೂದುಗುಂಬಳಕಾಯಿ

ಯುವರಾಜನಿಗೆ ಕಾರು ಬೇಕು ಅನ್ನಿಸಿದ್ದು ಹುಳಿಮಾವು ಬಡಾವಣೆಯಲ್ಲಿ, ಒಂದು ಭಾನುವಾರ ಬೆಳಗ್ಗೆ ಹನ್ನೊಂದೂವರೆಗೆ. ಅದಕ್ಕೆ ಮೊದಲು ಅವನಿಗೆ ಡ್ರೋನ್ ಕ್ಯಾಮೆರಾ ಬೇಕು ಅನ್ನಿಸಿತ್ತು. ಅದಕ್ಕೂ ಮೊದಲು ಜಿಮ್ಮಿನ ಮೂರು ವರ್ಷದ ಸದಸ್ಯತ್ವ ಬೇಕು ಅನ್ನಿಸಿ, ಮೊದಲ ಕಂತು ಕಟ್ಟಿ, ನಾಲ್ಕು ದಿನ ಹೋಗಿ, ಐದನೆಯ ದಿನ ಸೊಂಟ ಹಿಡಿದುಕೊಂಡು ಮಲಗಿದ್ದ. ಮದುವೆಯಾದ ಎರಡು ವರ್ಷದಲ್ಲಿ ಪದ್ಮಶ್ರೀಗೆ ಗಂಡನ ಈ ಕಾಯಿಲೆ ನೆಗಡಿಯಷ್ಟೇ ಪರಿಚಯವಾಗಿತ್ತು. ಬರುವಾಗ ಜೋರಾಗಿ ಬರುತ್ತದೆ, ಬಿಸಿನೀರು ಕೊಟ್ಟು ಸುಮ್ಮನಿದ್ದರೆ ವಾರದಲ್ಲಿ ಹೋಗುತ್ತದೆ. ಈ ಸಲ ಹೋಗಲಿಲ್ಲ.

ಅವತ್ತು ಅವನ ಸಹೋದ್ಯೋಗಿ ರಘುವಿನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಗೇಟಿನ ಸೆಕ್ಯುರಿಟಿಯವನು ಇವರ ಸ್ಕೂಟರನ್ನು ನೋಡಿ, ಅಡುಗೆಯವರು ಪಾತ್ರೆ ತೊಳೆಯುತ್ತಿದ್ದ ಹಿಂಭಾಗದ ಕಡೆಗೆ ಕೈ ತೋರಿಸಿದ. ಅವನದೇನೂ ತಪ್ಪಿಲ್ಲ, ಎಲ್ಲ ಸ್ಕೂಟರುಗಳೂ ಅಲ್ಲೇ ಇದ್ದವು. ಆದರೆ ಯುವರಾಜ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಒಬ್ಬಾಕೆ ಅವನ ಕೈಗೆ ಪಲ್ಯದ ಬಕೆಟ್ ಕೊಟ್ಟು, "ಬೇಗ ಮೇಲಕ್ಕೆ ತಗೊಂಡ್ಹೋಗಣ್ಣ, ಎರಡನೇ ಪಂಕ್ತಿ ಕೂತಾಯ್ತು" ಎಂದಳು. ಅವನು ಬಿಳಿ ಶರ್ಟು ಹಾಕಿದ್ದ. ಬಡಿಸುವವರೂ ಬಿಳಿ ಶರ್ಟು ಹಾಕಿದ್ದರು. ಪದ್ಮಶ್ರೀ ನಗು ತಡೆಯುತ್ತಿರುವಾಗ ಗಂಡ ಬಕೆಟನ್ನು ನಿಜವಾಗಿಯೂ ಮೇಲಕ್ಕೆ ಹೊತ್ತುಕೊಂಡು ಹೋದ. ಅದು ಅವನ ಸ್ವಭಾವ. ಹೇಳಬೇಕಾದ ಹೊತ್ತಿಗೆ ಬಾಯಿ ಬಿಡುವುದಿಲ್ಲ, ಆಮೇಲೆ ಮೂರು ತಿಂಗಳು ಅದನ್ನೇ ಹೇಳುತ್ತಾನೆ.

ಊಟದ ಹೊತ್ತಿಗೆ ರಘು ಬಂದು, ಕಾರು ಎಲ್ಲಿ ನಿಲ್ಲಿಸಿದೆ ಮಗಾ ಎಂದು ಕೇಳಿದ. ಯುವರಾಜ 'ಹೊರಗಡೆ' ಎಂದ. ಹೊರಗಡೆ ಬನ್ನೇರುಘಟ್ಟ ರಸ್ತೆಯ ತುಂಬ ಕಾರುಗಳಿದ್ದವು, ಹಾಗಾಗಿ ಅದನ್ನು ಪೂರ್ತಿ ಸುಳ್ಳು ಎನ್ನಲು ಬರುವುದಿಲ್ಲ.

ಅವನಿಗೆ ಲೈಸೆನ್ಸ್ ಬಂದು ಆಗ ನಲವತ್ತು ದಿನ. ಕತ್ರಿಗುಪ್ಪೆಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೊಂದು ದಿನ ಕಲಿತಿದ್ದ. ಆ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಇಪ್ಪತ್ತೊಂದು ದಿನವೂ ಕಾರು ಓಡಿಸಿದ್ದು ಆ ಕಾಲುಗಳು ಎಂಬ ಸಂಗತಿ ಯುವರಾಜನಿಗೆ ಇವತ್ತಿಗೂ ಗೊತ್ತಿಲ್ಲ.

ಮನೆ ಸುದ್ದಗುಂಟೆಪಾಳ್ಯದ ಒಂದು ಗಲ್ಲಿಯಲ್ಲಿ. ಗಲ್ಲಿಯ ಕೊನೆಗೆ ದಾರಿಯೇ ಇಲ್ಲ, ಚಿಕ್ಕಬೈರಪ್ಪನವರ ಮೂರು ಅಂತಸ್ತಿನ ಕಟ್ಟಡ ಅಡ್ಡ ನಿಂತಿದೆ. ಒಂದು ಕಾಲಕ್ಕೆ ಅದು ಅವರ ರಾಗಿ ಹೊಲವಂತೆ, ಈಗ ಅಲ್ಲಿ ಬಾಡಿಗೆ ಬೆಳೆಯುತ್ತದೆ. ಅದರ ಮೊದಲ ಮಹಡಿಯಲ್ಲಿ ಯುವರಾಜ, ಪದ್ಮಶ್ರೀ, ಅವನ ತಂದೆ ಸಂಜೀವಯ್ಯ, ತಾಯಿ ಗೋವಿಂದಮ್ಮ. ಸಂಜೀವಯ್ಯ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಭಾನುವಾರ ಬುದ್ಧ ವಿಹಾರಕ್ಕೆ ಹೋಗಿಬರುತ್ತಾರೆ, ಉಳಿದ ದಿನ ಪೇಪರು ಓದುತ್ತಾರೆ. ಗೋವಿಂದಮ್ಮ ವಿಹಾರಕ್ಕೂ ಹೋಗುತ್ತಾರೆ, ಬನಶಂಕರಿ ಗುಡಿಗೂ ಹೋಗುತ್ತಾರೆ. ಯಾರಿಗೂ ಬೇಜಾರಾಗಬಾರದು ಎಂಬುದು ಅವರ ಸಿದ್ಧಾಂತ.

ಯುವರಾಜ ಕಾರಿನ ವಿಷಯ ತೆಗೆದು, ಅಮ್ಮನ ಮಂಡಿನೋವು, ಮಳೆಗಾಲ, ಜೆ.ಪಿ. ನಗರದಲ್ಲಿರುವ ತನ್ನ ಆಫೀಸಿನ ದೂರ, ಎಲ್ಲವನ್ನೂ ವಿವರಿಸಿದ. ಸಾಲದ ಕಂತು ಅವನ ಸಂಬಳದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಾಗುತ್ತಿತ್ತು. ಉಳಿದದ್ದರಲ್ಲಿ ಪೆಟ್ರೋಲು ಹಾಕಿಸಬಹುದಿತ್ತು. ಅನ್ನದ ವಿಷಯ ಅವನು ಯೋಚಿಸಿರಲಿಲ್ಲ, ಅದು ಈವರೆಗೂ ತಾನಾಗಿ ತಟ್ಟೆಗೆ ಬರುತ್ತಿತ್ತು. ಸಂಜೀವಯ್ಯ ಪೇಪರಿನಿಂದ ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು.

"ರಿವರ್ಸ್ ತೆಗೆಯೋಕೆ ಬರುತ್ತಾ?"

ಈಗಿನ ಕಾರುಗಳಲ್ಲಿ ಹಿಂದೆ ಕ್ಯಾಮೆರಾ ಇರುತ್ತದೆ ಎಂದು ಯುವರಾಜ ಹೇಳಿದ. ಬರುತ್ತದೆ ಎಂದು ಹೇಳಲಿಲ್ಲ.

ಪದ್ಮಶ್ರೀ ಆಗ ಮೆಷಿನ್ನಿನ ಮುಂದಿದ್ದಳು. ಅವಳ ಹೊಲಿಗೆ ಮೆಷಿನ್ನು ಟೀವಿಗೂ ಫ್ರಿಜ್ಜಿಗೂ ನಡುವೆ ಇತ್ತು. ಹಾಲು ಬೇಕಾದವರು ಅವಳನ್ನು ಎಬ್ಬಿಸಿ ತೆಗೆದುಕೊಳ್ಳಬೇಕಿತ್ತು. ಬಿಟಿಎಂ, ಜಯನಗರದಿಂದ ಬ್ಲೌಸ್ ಹೊಲಿಸಲು ಬರುವ ಹೆಂಗಸರನ್ನು ಅಳತೆ ತೆಗೆಯಲು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದಳು, ಯಾಕೆಂದರೆ ಮನೆಯಲ್ಲಿ ಬಾಗಿಲಿರುವ ಇನ್ನೊಂದು ಕೋಣೆಯಲ್ಲಿ ಮಾವ ಮಲಗಿರುತ್ತಿದ್ದರು. ಗಲ್ಲಿಯ ಬಾಯಲ್ಲಿ, ದೊಡ್ಡ ರಸ್ತೆಗೆ ಮುಖ ಮಾಡಿ ಚಿಕ್ಕಬೈರಪ್ಪನವರದೇ ಒಂದು ಮಳಿಗೆ ಖಾಲಿ ಬಿದ್ದಿತ್ತು. ತಿಂಗಳ ಕೊನೆಯೊಳಗೆ ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟರೆ ನಿನಗೇ ಎಂದು ಅವರು ಮಾತು ಕೊಟ್ಟಿದ್ದರು. ಎರಡು ವರ್ಷ ಬ್ಲೌಸಿಗೆ ಬ್ಲೌಸು ಸೇರಿಸಿ ಪದ್ಮಶ್ರೀ ಅಷ್ಟನ್ನು ಬ್ಯಾಂಕಿನಲ್ಲಿ ಇಟ್ಟಿದ್ದಳು. ಹೆಂಡತಿಯ ಹುಟ್ಟಿದ ದಿನ ನೆನಪಿರದ ಯುವರಾಜನಿಗೆ ಆ ಮೊತ್ತ ಮಾತ್ರ ಸರಿಯಾಗಿ ನೆನಪಿತ್ತು. ಕಾರಿಗೆ ಮೊದಲು ಕಟ್ಟಬೇಕಾದ ಹಣವೂ, ಏನು ಆಶ್ಚರ್ಯ, ಒಂದೂವರೆ ಲಕ್ಷವೇ ಆಗಿತ್ತು.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಶೋರೂಮಿನವರು ಟೆಸ್ಟ್ ಡ್ರೈವ್‌ಗೆ ಕಾರು ಕೊಟ್ಟರು. ಪಕ್ಕದ ಸೀಟಿನಲ್ಲಿ ದೀಪಕ್ ಎಂಬ ಸೇಲ್ಸ್‌ನವನು ಟೈ ಕಟ್ಟಿಕೊಂಡು, ಸೀಟ್ ಬೆಲ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದ. ಶೋರೂಮಿನ ಸುತ್ತ ಒಂದು ಸುತ್ತು ಹಾಕಿ ಬಿಡುವುದು ಪದ್ಧತಿ. ಯುವರಾಜ ಅಮ್ಮನಿಗೆ ತೋರಿಸಿ ಬರೋಣ ಎಂದು ಸೀದಾ ಸುದ್ದಗುಂಟೆಪಾಳ್ಯಕ್ಕೆ ತಂದ. ಗಲ್ಲಿಯೊಳಗೂ ತಂದ. ತಂದು ಚಿಕ್ಕಬೈರಪ್ಪನವರ ಗೇಟಿಗೆ ಮೂತಿ ತಾಗುವಷ್ಟು ಹತ್ತಿರ ನಿಲ್ಲಿಸಿ ಹಾರನ್ ಮಾಡಿದ. ಅದೇ ಹೊತ್ತಿಗೆ ಒಂದು ನೀರಿನ ಟ್ಯಾಂಕರು ಗೋಡೆಗಳಿಗೆ ಮೈ ಉಜ್ಜಿಕೊಂಡು ಹಿಂದೆಯೇ ಗಲ್ಲಿಯೊಳಗೆ ಬಂದು, ನಡುವಿನ ಮನೆಯ ನೀರಿನ ಸಂಪಿನೊಳಗೆ ಪೈಪು ಬಿಟ್ಟು, ಎಂಜಿನ್ ಆಫ್ ಮಾಡಿತು. ಮುಂದೆ ಗೇಟು, ಹಿಂದೆ ಆರು ಸಾವಿರ ಲೀಟರು ನೀರು. ಮುಕ್ಕಾಲು ಗಂಟೆ ಕಾರು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಮುಕ್ಕಾಲು ಗಂಟೆ ಅಕ್ಕಯಮ್ಮನಿಗೆ ಬೇಕಾದಷ್ಟಾಯಿತು. ಅಕ್ಕಯಮ್ಮ ಅಂದರೆ ಚಿಕ್ಕಬೈರಪ್ಪನವರ ಹೆಂಡತಿ. ಆ ಗಲ್ಲಿಗೆ ಯಾವ ಹೊಸ ಗಾಡಿ ಬಂದರೂ, ಕೊನೆಗೆ ತಳ್ಳುಗಾಡಿ ಬಂದರೂ, ಮೊದಲ ಆರತಿ ಅವರದು. ಗೇಟಿನ ಹೊರಗೆ ಹೊಳೆಯುವ ಕಾರು, ಅದರೊಳಗೆ ತಮ್ಮ ಬಾಡಿಗೆದಾರನ ಮಗ. ಇನ್ನು ಕೇಳುವುದೇನಿದೆ.

"ಯಾವಾಗ ತಗೊಂಡ್ಯೋ ಯುವರಾಜ? ಒಂದು ಮಾತೂ ಹೇಳ್ಲಿಲ್ಲವಲ್ಲೋ."

ಇಲ್ಲಿ ಒಂದು ಮಾತು ಸಾಕಾಗಿತ್ತು. ನಮ್ಮದಲ್ಲ ಆಂಟಿ, ನೋಡೋಕೆ ತಂದಿದ್ದು. ಒಂದನೇ ಕ್ಲಾಸಿನ ಮಗುವೂ ಹೇಳಬಲ್ಲ ವಾಕ್ಯ. ಯುವರಾಜ ಬಾಗಿಲು ತೆಗೆದು ಇಳಿದ, ಕೂದಲು ಸರಿಮಾಡಿಕೊಂಡ, "ಈಗ್ತಾನೇ ತಂದೆ ಆಂಟಿ" ಎಂದ.

ಪದ್ಮಶ್ರೀ ಮಹಡಿಯ ಬಾಲ್ಕನಿಯಲ್ಲಿ ಒಂದು ಸೀರೆಯ ಫಾಲ್ ಹಿಡಿದು ನಿಂತಿದ್ದಳು. ಬಾಯಲ್ಲಿ ಆರು ಗುಂಡುಪಿನ್ನುಗಳಿದ್ದವು. ಆರನ್ನೂ ಒಂದೊಂದಾಗಿ ತೆಗೆದು ಸೀರೆಗೆ ಚುಚ್ಚಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಬಿದ್ದಿತ್ತು. ಬಾನೆಟ್ಟಿಗೆ ಅರಿಶಿನ ಕುಂಕುಮ, ಕನ್ನಡಿಗೆ ಸೇವಂತಿಗೆ ಹಾರ. ಅಮಾವಾಸ್ಯೆಗೆಂದು ಅಕ್ಕಯಮ್ಮ ತೆಗೆದಿಟ್ಟಿದ್ದ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಉರಿಯುತ್ತಿತ್ತು. ಕಾರಿನ ಬಾಗಿಲ ಮೇಲೆ ಮೊಳ ಉದ್ದದ ಇಂಗ್ಲಿಷ್ ಅಕ್ಷರದಲ್ಲಿ ಟೆಸ್ಟ್ ಡ್ರೈವ್ ಎಂದು ಅಂಟಿಸಿದ್ದರು. ಚಿಕ್ಕಬೈರಪ್ಪನವರು ಕನ್ನಡಕ ಏರಿಸಿ, ಅದೇನಪ್ಪ ಬರೆದಿರೋದು ಎಂದು ಕೇಳಿದ್ದಕ್ಕೆ, ಎಲ್ಲ ಹೊಸ ಗಾಡಿಗೂ ಕಂಪನಿಯವರು ಹಾಕಿರುತ್ತಾರೆ, ಆಮೇಲೆ ತೆಗೆಯುತ್ತಾರೆ ಎಂದು ಯುವರಾಜ ತಿಳಿಸಿದ. ಹಾಗೇ ಇರಬೇಕು ಎಂದು ಅವರು ತಲೆಯಾಡಿಸಿದರು. ಉಳಿದ ಹೊಲ ಮಾರಿದ ಮೇಲೆ ಮೂರು ಕಾರು ಕೊಂಡವರು, ಗೊತ್ತಿಲ್ಲ ಎಂದು ತೋರಿಸಿಕೊಳ್ಳುವುದು ಅವರಿಗೂ ಕಷ್ಟ.

ದೀಪಕ್ ಒಂದು ಸಲ ಬಾಯಿ ತೆರೆದ. ಗಲ್ಲಿಯ ಇಪ್ಪತ್ತು ಜನರನ್ನು ನೋಡಿದ, ಬಾಯಿ ಮುಚ್ಚಿದ, ಎಲ್ಲರಿಗೂ ವಿಸಿಟಿಂಗ್ ಕಾರ್ಡ್ ಹಂಚಿ ಫೋಟೋ ತೆಗೆಯತೊಡಗಿದ.

ಪದ್ಮಶ್ರೀ ಗಂಡನ ಹತ್ತಿರ ಹೋಗುವ ಮೊದಲೇ ಅಕ್ಕಯಮ್ಮ ಅವಳ ಕೈಗೆ ಆರತಿ ತಟ್ಟೆ ಕೊಟ್ಟರು. ಮನೆಯ ಹೆಣ್ಣುಮಗಳು ಎತ್ತದೆ ಮುಗಿಯುವುದಿಲ್ಲವಂತೆ. ಪಕ್ಕದಲ್ಲಿ ಗೋವಿಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗಂತೂ ಕಾರು ತಮ್ಮದೇ ಎಂದು ಈ ಹತ್ತು ನಿಮಿಷದಲ್ಲಿ ಮನವರಿಕೆಯಾಗಿ ಹೋಗಿತ್ತು. ಪದ್ಮಶ್ರೀ ಗಂಡನ ಮುಖ ನೋಡಿದಳು. ಗಂಡ ಕಿಟಕಿಯೊಳಗಿನ ಸ್ಟೀರಿಂಗ್ ನೋಡಿದ. ಸಂಜೆಯೊಳಗೆ ಇವನೇ ಹೇಳುತ್ತಾನೆ ಎಂದುಕೊಂಡು ಅವಳು ಆರತಿ ಎತ್ತಿದಳು. ಈ ಕಥೆಯಲ್ಲಿ ಅವಳು ಮಾಡಿದ ತಪ್ಪು ಅದೊಂದೇ. ಕುಂಬಳಕಾಯಿ ಒಡೆಯಿತು.

ಟ್ಯಾಂಕರು ಹೋಯಿತು. ಈಗ ಕಾರು ಇನ್ನೂರು ಅಡಿ ಹಿಂದಕ್ಕೆ ಹೋಗಬೇಕಿತ್ತು. ಯುವರಾಜ ಕ್ಯಾಮೆರಾ ನೋಡಿಕೊಂಡು ಮೊದಲು ಎಡಗಡೆಯ ತುಳಸಿಕಟ್ಟೆಗೆ, ಆಮೇಲೆ ಬಲಗಡೆಯ ಮೋರಿಗೆ ಹೋಗಲು ನೋಡಿದ. ಮೂರನೆಯ ಸಲಕ್ಕೆ ಕಾರು ಮುಂದಕ್ಕೆ ಹೋಗಿ ಗೇಟನ್ನೇ ತಳ್ಳಿತು. ಬನಿಯನ್ನಿನಲ್ಲಿದ್ದ ಸಂಜೀವಯ್ಯ ಇಳಿದು ಬಂದು, "ಇಳಿ ಕೆಳಗೆ" ಎಂದರು. ಕುತ್ತಿಗೆ ತಿರುಗಿಸಿ, ಒಂದೇ ಉಸಿರಿಗೆ ಕಾರನ್ನು ದೊಡ್ಡ ರಸ್ತೆಗೆ ಬಿಟ್ಟು ನಡೆದು ವಾಪಸ್ ಬಂದರು. ಅಪ್ಪಚ್ಚಿಯಾಗಿದ್ದ ನಿಂಬೆಹಣ್ಣುಗಳನ್ನು ನೋಡಿ, ಚಿತ್ರಾನ್ನಕ್ಕಾದರೂ ಆಗುತ್ತಿತ್ತು ಎಂದು ಮೆಟ್ಟಿಲು ಹತ್ತಿದರು.

ಸಂಜೆಯೊಳಗೆ ಯುವರಾಜ ಹೇಳಲಿಲ್ಲ. ಬದಲಿಗೆ ದೀಪಕ್ ತೆಗೆದ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಕೆಳಗೆ ಏನೂ ಬರೆಯಲಿಲ್ಲ, ಕೈ ಮುಗಿದ ಚಿತ್ರ ಒಂದನ್ನಷ್ಟೇ ಇಟ್ಟ. ಸುಳ್ಳು ಹೇಳಿದ ಎಂದು ಯಾರೂ ಬೆರಳು ತೋರಿಸಬಾರದು ನೋಡಿ.

ಮುಂದಿನ ನಾಲ್ಕು ದಿನದಲ್ಲಿ ಇಲ್ಲದ ಕಾರು ಇರುವ ಕಾರಿಗಿಂತ ಹೆಚ್ಚು ಓಡಿತು. ಅವನ ಚಿಕ್ಕಪ್ಪನ ಮಗ ಶಿವಕಿರಣ್ ತನ್ನ ನಿಶ್ಚಿತಾರ್ಥಕ್ಕೆ ಕಾರನ್ನು ಕೇಳಿ, ಡ್ರೈವರ್ ಆಗಿ ಸಂಜೀವಯ್ಯನವರನ್ನೇ ಕಳಿಸಬೇಕೆಂದು ಷರತ್ತು ಹಾಕಿದ. ಅಕ್ಕಯಮ್ಮ ಮಂಗಳವಾರ ರಾಹುಕಾಲಕ್ಕೆ ಬನಶಂಕರಿಯಲ್ಲಿ ದೀಪ ಹಚ್ಚಲು ಮೊದಲ ಸವಾರಿ ತಮ್ಮದೆಂದು ಹೇಳಿದರು. ಕಾರು ಎಲ್ಲಿ ಎಂದು ಕೇಳಿದವರಿಗೆಲ್ಲ ಯುವರಾಜ ನಂಬರ್ ಪ್ಲೇಟಿಗೆ ಹೋಗಿದೆ ಎಂದ. ಎದುರು ಮನೆಯ ಕಮಲಾದೇವಿ ಎರಡು ಬ್ಲೌಸಿನ ಹೊಲಿಗೆಯಲ್ಲಿ ಇನ್ನೂರು ರೂಪಾಯಿ ಮುರಿದುಕೊಂಡು, "ಇನ್ನು ನಿಮಗೇನಮ್ಮ, ಕಾರಲ್ಲಿ ಓಡಾಡೋರು" ಎಂದು ಪದ್ಮಶ್ರೀಯ ಕೆನ್ನೆ ಸವರಿದರು. ದೀಪಕ್ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಅದೇ ಕಾರನ್ನು ನೋಡಲು ಬಂದ ಬನಶಂಕರಿಯ ಗಿರಾಕಿಯೊಬ್ಬರು ಬಾನೆಟ್ಟಿನ ಕುಂಕುಮ ನೋಡಿ, ಇನ್ನೊಬ್ಬರ ಹೆಸರಿನಲ್ಲಿ ದೃಷ್ಟಿ ತೆಗೆದ ಗಾಡಿ ನಾವು ಮುಟ್ಟಲ್ಲ ಎಂದು ವಾಪಸ್ ಹೋದರಂತೆ. ಮ್ಯಾನೇಜರ್ ಕೋಪದಲ್ಲಿದ್ದಾರಂತೆ.

"ನಿಮ್ಮ ಹೆಸರಲ್ಲಿ ಎಲ್ಲಾ ಆಗೋಗಿದೆ ಸಾರ್," ಎಂದ ದೀಪಕ್, "ಬುಕಿಂಗ್ ಒಂದು ಬಾಕಿ."

ಯುವರಾಜನಿಗೆ ಈ ವಾದ ಬಹಳ ಸರಿ ಕಂಡಿತು. ಮದುವೆ ಮಂಟಪದಲ್ಲಿ ಎದ್ದು ನಿಂತವನಿಗೆ ಹುಡುಗಿ ಬೇಡ ಅನ್ನುವ ಹಕ್ಕಿಲ್ಲದ ಹಾಗೆ, ಗಲ್ಲಿಯಲ್ಲಿ ಕುಂಬಳಕಾಯಿ ಒಡೆಸಿಕೊಂಡವನಿಗೆ ಸಾಲ ಬೇಡ ಅನ್ನುವ ಹಕ್ಕಿಲ್ಲ. ಗೋವಿಂದಮ್ಮನೂ ಅದನ್ನೇ ಹೇಳಿದರು. ಪೂಜೆ ಆದ ಮೇಲೆ ಬೇಡ ಅಂದರೆ ಏನಾದರೂ ಕೆಟ್ಟದಾಗುತ್ತದೆ ಎಂದು. ಎಂಟು ಲಕ್ಷ ಸಾಲವಾಗುವುದನ್ನು ಅವರು ಕೆಟ್ಟದರ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಬುಧವಾರ ಪದ್ಮಶ್ರೀ ನೀರಿನ ಬಿಲ್ಲು ಕೊಡಲು ಕೆಳಗೆ ಹೋದಾಗ ಅಕ್ಕಯಮ್ಮ ಅವಳ ಕೈಗೆ ಸೀಬೆಹಣ್ಣು ಕೊಟ್ಟು, ಒಳ್ಳೆ ಕೆಲಸ ಮಾಡಿದಿರಿ, ಅಷ್ಟು ದೊಡ್ಡ ಕಾರನ್ನು ಬಿಸಿಲಿಗೆ ಬಿಡುವುದಕ್ಕಾಗುತ್ತದೆಯೇ ಎಂದರು. ಅವಳಿಗೆ ಅರ್ಥವಾಗಲಿಲ್ಲ. ಚಿಕ್ಕಬೈರಪ್ಪನವರು ವಿವರಿಸಿದರು. ಗಲ್ಲಿಯೊಳಗೆ ಕಾರು ತಂದರೆ ರಿವರ್ಸಿನ ತೊಂದರೆ ಅಂತ ಯುವರಾಜ ಬಂದಿದ್ದನಂತೆ. ರಸ್ತೆ ಕಡೆಯ ಮಳಿಗೆ ಹೇಗೂ ನಿಮ್ಮ ಮನೆಗೇ ಕೊಡುವುದು, ಶಟರ್ ಬೇರೆ ಇದೆ, ಅದರಲ್ಲೇ ಕಾರು ನಿಲ್ಲಿಸಿಕೊಳ್ಳಿ ಎಂದು ತಾವೇ ಹೇಳಿದ್ದರಂತೆ. ಅಡ್ವಾನ್ಸ್ ಹಣ ಕಾರಿಗೆ ಹೋಗುವುದರಿಂದ ಬಾಡಿಗೆ ಜಾಸ್ತಿ ಕೊಡುತ್ತೇನೆ ಅಂದನಂತೆ. ಹುಡುಗ ಬುದ್ಧಿವಂತ ಎಂದು ಅವರು ಮೆಚ್ಚಿಕೊಂಡರು.

ಪದ್ಮಶ್ರೀ ಸೀಬೆಹಣ್ಣು ಹಿಡಿದುಕೊಂಡೇ ಮೇಲೆ ಬಂದಳು. ಯುವರಾಜ ಫೋನಿನಲ್ಲಿ ಸೀಟ್ ಕವರುಗಳ ಬಣ್ಣ ನೋಡುತ್ತಿದ್ದ.

"ಮಳಿಗೇಲಿ ಕಾರ್ ನಿಲ್ಲಿಸ್ತೀರಂತೆ?"

"ಹೇಳೋಣ ಅಂತಿದ್ದೆ."

"ನಾನೆಲ್ಲಿ ಹೊಲೀಲಿ?"

ಯುವರಾಜ ಫೋನು ಕೆಳಗಿಟ್ಟ. ಹೆಂಡತಿಗೆ ಇಷ್ಟು ಸುಲಭದ ವಿಷಯ ಹೊಳೆಯಲಿಲ್ಲವಲ್ಲ ಎಂಬ ಮರುಕ ಅವನ ಮುಖದಲ್ಲಿತ್ತು.

"ಯೋಚ್ನೆ ಮಾಡು ಪದ್ಮ. ನೀನು ಮನೇಲೂ ಹೊಲೀಬಹುದು. ಕಾರು ಮನೇಲಿ ನಿಲ್ಲುತ್ತಾ?"

ಅವಳು ಅಳುತ್ತಾಳೆ ಎಂದು ಗೋವಿಂದಮ್ಮ ಕಾದರು. ಅವಳು ಸೀಬೆಹಣ್ಣನ್ನು ನಾಲ್ಕು ಹೋಳು ಮಾಡಿ ಉಪ್ಪುಖಾರ ಹಾಕಿ ಮಾವನಿಗೆ ಒಂದು, ಅತ್ತೆಗೆ ಒಂದು ಕೊಟ್ಟು, ಎರಡನ್ನು ತಾನೇ ತಿಂದಳು. ಮಾರನೆಯ ದಿನ ಬ್ಯಾಂಕಿಗೆ ಹೋಗಬೇಕು, ಸಹ ಅರ್ಜಿದಾರಳಾಗಿ ನಿನ್ನ ಸಹಿ ಬೇಕಂತೆ ಎಂದು ಯುವರಾಜ ಹೇಳಿದ. ಅವಳು ಬರುವುದಿಲ್ಲ ಎನ್ನಬಹುದು ಎಂದು ಹತ್ತು ಉತ್ತರ ಸಿದ್ಧ ಮಾಡಿಕೊಂಡಿದ್ದ.

"ಹೋಗಿ ಬನ್ನಿ," ಎಂದರು ಸಂಜೀವಯ್ಯ ಪೇಪರಿನ ಹಿಂದಿನಿಂದ. "ಬ್ಯಾಂಕಿನವರಿಗೆ ಕುಂಬಳಕಾಯಿ ಲೆಕ್ಕ ಇರಲ್ಲ."

ತನ್ನ ಸಹಿಗೆ ಎಷ್ಟು ತೂಕವಿದೆ ಎಂದು ಪದ್ಮಶ್ರೀಗೂ ತಿಳಿಯಬೇಕಿತ್ತು. ಅವಳು ಕಾಗದಗಳ ಫೈಲು, ಚೆಕ್ ಪುಸ್ತಕ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಹೊರಟಳು.

ಬ್ಯಾಂಕಿನಲ್ಲಿ ಸಾಲದ ವಿಭಾಗದ ಶಾಲಿನಿ ಮೇಡಂ ಎದುರು ಮೂರು ಕುರ್ಚಿಗಳಿದ್ದವು. ನಡುವಿನದರಲ್ಲಿ ಯುವರಾಜ ಕೂತ. ಒಂದು ಪಕ್ಕ ದೀಪಕ್, ಇನ್ನೊಂದು ಪಕ್ಕ ಪದ್ಮಶ್ರೀ. ಯುವರಾಜ ಅದೇ ಬಿಳಿ ಶರ್ಟು ಹಾಕಿದ್ದ. ಶಾಲಿನಿ ಕಂಪ್ಯೂಟರಿನಲ್ಲಿ ಏನೋ ಒತ್ತಿದರು, ಮತ್ತೆ ಒತ್ತಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಎರಡು ವರ್ಷದಲ್ಲಿ ಮೂರು ಕೆಲಸ. ಈಗಿನ ಕೆಲಸಕ್ಕೆ ಸೇರಿ ಏಳು ತಿಂಗಳು. ಫೋನಿನ ಕಂತು ನಾಲ್ಕು ಸಲ ತಪ್ಪಿದೆ. ಜಿಮ್ಮಿನದೂ ಒಂದು ಬಾಕಿ ಕಾಣುತ್ತಿದೆ, ಸರಿಯೇ ಎಂದು ಕೇಳಿದರು.

ಜಿಮ್ಮಿಗೆ ತಾನು ಹೋಗಿದ್ದು ನಾಲ್ಕೇ ದಿನ ಎಂದು ಯುವರಾಜ ವಿವರಿಸಿದ. ಬ್ಯಾಂಕು ಅದನ್ನು ಪರಿಗಣಿಸುತ್ತದೆ ಎಂದು ಅವನಿಗೆ ನಂಬಿಕೆ ಇತ್ತು.

"ನಿಮ್ಮ ಮೇಲೆ ಆಗಲ್ಲ ಸಾರ್," ಎಂದರು ಶಾಲಿನಿ. ಆಮೇಲೆ ಪದ್ಮಶ್ರೀಯ ಫೈಲು ತೆರೆದರು. ಮೂರು ವರ್ಷದ ತೆರಿಗೆ ರಿಟರ್ನ್ಸು, ಮೆಷಿನ್ನಿಗೆ ಮಾಡಿದ್ದ ಸಾಲ ಒಂದು ಕಂತೂ ತಪ್ಪದೆ ತೀರಿದ ಪತ್ರ, ಗಿರಾಕಿಗಳು ಫೋನಿನಲ್ಲಿ ಹಾಕಿದ ನೂರು ಇನ್ನೂರರ ಪಟ್ಟಿ ಹನ್ನೊಂದು ಹಾಳೆ. ಶಾಲಿನಿ ಮೊದಲ ಸಲ ಮುಗುಳ್ನಕ್ಕರು. "ಮೇಡಂ ಅವರದು ಚೆನ್ನಾಗಿದೆ. ಇವರ ಹೆಸರಲ್ಲೇ ಆಗುತ್ತೆ."

ದೀಪಕ್ ಅಲ್ಲೇ ಅಭಿನಂದನೆ ಹೇಳಿ ಕೈ ಚಾಚಿದ. ಯುವರಾಜ ಕುರ್ಚಿಯಲ್ಲಿ ಹಿಂದಕ್ಕೊರಗಿದ. ಹೆಂಡತಿಯ ಹೆಸರಿನಲ್ಲಿ ಸಾಲ ಮಾಡುವುದಕ್ಕೆ ತನ್ನದೇನೂ ಅಭ್ಯಂತರವಿಲ್ಲ, ತಾನು ಅಂಥ ಹಳೇ ಕಾಲದ ಗಂಡಸಲ್ಲ ಎಂದು ದೊಡ್ಡ ಮನಸ್ಸಿನಿಂದ ಹೇಳಿದ. ಪದ್ಮಶ್ರೀ ಅವನ ಮಾತು ಮುಗಿಯುವವರೆಗೆ ಕಾದಳು.

"ಮೇಡಂ, ಅಂಗಡಿಗಾದ್ರೆ ಎಷ್ಟು ಕೊಡ್ತೀರಾ?"

ಎಂಥ ಅಂಗಡಿ ಎಂದು ಶಾಲಿನಿ ಕೇಳಿದರು. ಹೊಲಿಗೆ ಅಂಗಡಿ, ಅಡ್ವಾನ್ಸ್ ಕೈಯಲ್ಲಿದೆ, ಇನ್ನೆರಡು ಮೆಷಿನ್ನು, ಒಂದು ಟೇಬಲ್ಲು, ಅಳತೆ ತೆಗೆಯಲು ಪರದೆ ಬೇಕು ಎಂದು ಪದ್ಮಶ್ರೀ ಹೇಳಿದಳು. ಶಾಲಿನಿ ಕಾರಿನ ಅರ್ಜಿಯನ್ನು ಪಕ್ಕಕ್ಕೆ ಸರಿಸಿ ಡ್ರಾಯರಿನಿಂದ ಬೇರೆ ಬಣ್ಣದ್ದೊಂದು ತೆಗೆದರು. ಇಬ್ಬರು ಹೆಂಗಸರೂ ಅರ್ಧ ಗಂಟೆ ತಲೆ ಬಗ್ಗಿಸಿ ಅದನ್ನು ತುಂಬಿದರು. ದೀಪಕ್ ಒಂದು ಫೋನು ಬಂದಂತೆ ಮಾಡಿಕೊಂಡು ಎದ್ದು ಹೋದವನು ತಿರುಗಿ ಬರಲಿಲ್ಲ. ಯುವರಾಜ ಎರಡು ಸಲ ಕೆಮ್ಮಿದ, ಒಂದು ಸಲ ನೀರು ಕುಡಿದ, ಕೊನೆಗೆ ಜೇಬಿನಿಂದ ಪೆನ್ನು ತೆಗೆದು, ತಾನು ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದ.

"ನಿಮ್ಮದೇನೂ ಬೇಡ ಸಾರ್," ಎಂದರು ಶಾಲಿನಿ. "ಕೂತಿರಿ."

ಮನೆಗೆ ಹೋಗುವ ದಾರಿಯಲ್ಲೇ ಪದ್ಮಶ್ರೀ ಚಿಕ್ಕಬೈರಪ್ಪನವರ ಕೈಗೆ ಒಂದೂವರೆ ಲಕ್ಷದ ಚೆಕ್ ಕೊಟ್ಟಳು. ಅಂದು ಯಾರೂ ಹೇಳದ ಆ ಒಂದು ವಾಕ್ಯವನ್ನೂ ಅಲ್ಲೇ ಹೇಳಿದಳು. ಅದು ನಮ್ಮ ಕಾರಲ್ಲ, ಓಡಿಸಿ ನೋಡೋಕೆ ತಂದಿದ್ದು. ಹೇಳಲು ಎರಡು ಸೆಕೆಂಡು ಹಿಡಿಯಿತು. ಚಿಕ್ಕಬೈರಪ್ಪನವರು, ಆ ಅಕ್ಷರ ಓದಿದಾಗಲೇ ತಮಗೆ ಗೊತ್ತಿತ್ತು ಎಂದರು. ಅಕ್ಕಯಮ್ಮ, ಹಾಗಾದರೆ ದೃಷ್ಟಿ ತೆಗೆದ ಪುಣ್ಯ ಯಾರಿಗೆ ಹೋಯಿತು ಎಂದು ಗಂಡನನ್ನು ಕೇಳಿದರು. ಅವರು ಚೆಕ್ಕನ್ನು ಇನ್ನೊಂದು ಸಲ ಓದತೊಡಗಿದರು.

ಮುಂದಿನ ತಿಂಗಳು ಸಾಲ ಮಂಜೂರಾಗಿ ಅಂಗಡಿ ಶುರುವಾಯಿತು. ಯುವರಾಜ ಪ್ರತಿ ಸಂಜೆ ಕೆಲಸ ಮುಗಿಸಿ ಬಂದು ಅಂಗಡಿಯ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಲ್ಲುತ್ತಾನೆ. ಹೋಗಿ ಬರುವವರು ಕಾರಿನ ಸುದ್ದಿ ಕೇಳಿದರೆ ಅವನ ಬಳಿ ಉತ್ತರ ತಯಾರಿದೆ. ಮೊನ್ನೆ ಶಿವಕಿರಣ್, ತಾನೂ ಸಾಲ ಮಾಡಿ ಕಾರು ತೆಗೆದುಕೊಳ್ಳಬೇಕೆಂದಿದ್ದೇನೆ ಎಂದು ಬಂದಾಗ, ಯುವರಾಜ ಅವನ ಹೆಗಲ ಮೇಲೆ ಕೈ ಹಾಕಿ ಅರ್ಧ ಗಂಟೆ ಬುದ್ಧಿ ಹೇಳಿದ.

"ಶೋರೂಮಿಂದ ಆಚೆ ಬಂದ ತಕ್ಷಣ ಬೆಲೆ ಬಿದ್ದೋಗುತ್ತೆ ಗುರು. ಈ ವಯಸ್ಸಲ್ಲಿ ಸಾಲ ಮಾಡಿದ್ರೆ ಬಿಸಿನೆಸ್‌ಗೆ ಮಾಡ್ಬೇಕು. ನಾನು ಕೈಗೆ ಬಂದಿದ್ದ ಕಾರನ್ನೇ ಬೇಡ ಅಂದು ಇದಕ್ಕೆ ಹಾಕ್ದೆ. ಎಲ್ಲಾ ಪ್ಲಾನಿಂಗ್."

ಶಿವಕಿರಣ್ ಅಣ್ಣನನ್ನು ಗೌರವದಿಂದ ನೋಡಿದ. ಒಳಗೆ ಪದ್ಮಶ್ರೀ ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಕೊಕ್ಕೆ ಹಾಕುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಎರಡು ಸಲ ನೋಡಿ, ಆಗದೆ, ತಲೆ ಎತ್ತಿದಳು.

"ರೀ," ಎಂದಳು, "ಸ್ವಲ್ಪ ಬಾಗಿಲು ಬಿಟ್ಟು ನಿಂತ್ಕೊಳ್ಳಿ. ಬೆಳಕು ಬರ್ತಿಲ್ಲ."